ಕಿತ್ತಳೆಯ ಕೇಕು ಮತ್ತು ನಮ್ಮ ಲಿಂಬೆಯ ಸಿಪ್ಪೆ

ಕೇಕಿನ ವಿಚಾರವು ಒಕ್ಕಲುತನದ ಮಾಸಪತ್ರಿಕೆಗೆ ಏತಕ್ಕೆ ಬಂದಿತೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಗ್ರಾಮಪ್ರಮುಖರೂ ಜಮೀನುದಾರರೂ ಕೇಳಬಹುದು. ಬೀಜ, ಗೊಬ್ಬರ, ಧಾರಣೆಗಳ ಮಾತು ನಮಗಿರಲಿ, ಅಡಿಗೆಯ ಮಾತು ಅಡಿಗೆಮನೆಯಲ್ಲಿಯೇ ಇರಲಿ ಎಂಬುದು ಅವರ ಅಭಿಪ್ರಾಯವಾಗಿದ್ದರೆ ಅದು ತಪ್ಪೇನೂ ಅಲ್ಲ. ಆದರೆ ಈ ಸೀಮೆಯ ಲಿಂಬೆಯ ಬೆಳೆಗಾರನು ತನ್ನ ಹಣ್ಣಿನ ಯಾವ ಭಾಗದಲ್ಲಿ ಎಷ್ಟು ಬೆಲೆಯುಂಟೆಂಬುದನ್ನು ಇನ್ನೂ ಪೂರ್ತಿಯಾಗಿ ಅರಿತಿಲ್ಲವೆಂದೂ, ಅದನ್ನು ಅರಿಯುವುದಕ್ಕೆ ಮನೆಯಲ್ಲಿ ಒಂದು ಕಿತ್ತಳೆಯ ಕೇಕನ್ನು ಮಾಡಿ ನೋಡುವುದಕ್ಕಿಂತ ಸುಲಭವಾದ ಮಾರ್ಗವಿಲ್ಲವೆಂದೂ ನಮ್ಮ ತಿಳಿವಳಿಕೆ. ಆದುದರಿಂದ ಈ ತಿಂಗಳ ಕೆಲವು ಪುಟಗಳನ್ನು ಇದಕ್ಕಾಗಿ ತೆಗೆದಿಟ್ಟಿದ್ದೇವೆ.

ಇಂಡಿ ಮತ್ತು ಸಿಂದಗಿಯ ಕಡೆಗೆ ಲಿಂಬೆಯ ತೋಟಗಳು ಎಷ್ಟಿವೆಯೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾದುದಿಲ್ಲ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚನೆಯ ಮಾನ್ಯತೆಯು ದೊರೆತಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯು ಇಂಡಿಯಲ್ಲಿಯೇ ನೆಲೆಸಿದೆ. ಹೀಗಿದ್ದರೂ ಗಿಡದ ಸ್ವಭಾವವನ್ನು ಯಾವ ಮಂಡಳಿಯೂ ತಿದ್ದಲಾರದು. ಲಿಂಬೆಯು ವರ್ಷದಲ್ಲಿ ಮೂರು ಸಲ ಹೂ ಬಿಡುತ್ತದೆ. ಜನವರಿ, ಫೆಬ್ರುವರಿಗಳಲ್ಲಿ ಬರುವ ಅಂಬೆ ಬಹಾರಿನ ಹೂವು ಹೆಚ್ಚು. ಅದರ ಹಣ್ಣು ಮಳೆಗಾಲದಲ್ಲಿ, ಜನರಿಗೆ ಪಾನಕದ ನೆನಪೇ ಇಲ್ಲದಿರುವಾಗ, ಒಮ್ಮೆಲೆ ಪೇಟೆಗೆ ಬಂದು ಬೀಳುತ್ತದೆ. ಹಸ್ತ ಬಹಾರಿನ ಹಣ್ಣು ಬೇಸಿಗೆಗೆ ಸಿಕ್ಕುವುದರಿಂದ ಒಳ್ಳೆಯ ಬೆಲೆಯನ್ನು ತರುತ್ತದೆ. ಆದರೆ ಆ ಹೂವು ಸ್ವಲ್ಪ. 2022ರ ಏಪ್ರಿಲಿನಲ್ಲಿ ದೊಡ್ಡ ಪಟ್ಟಣಗಳಲ್ಲಿ ಒಂದೊಂದು ಹಣ್ಣು 10 ರೂಪಾಯಿಗೆ ಮಾರಿದ್ದುಂಟು. ಅದೇ ಹಣ್ಣು ಶ್ರಾವಣದಲ್ಲಿ ಬಿಡಿಸುವ ಕೂಲಿಯನ್ನೂ ಗಾಡಿಯ ಬಾಡಿಗೆಯನ್ನೂ ಹುಟ್ಟಿಸದೆ, ಗಿಡದ ಬುಡದಲ್ಲಿಯೇ ಕೊಳೆಯುವುದನ್ನು ಓದುವವರು ತಮ್ಮ ಕಣ್ಣಿನಿಂದಲೇ ಕಂಡಿದ್ದಾರೆ.

ಈಗ ಹಣ್ಣಿನ ಒಳಗನ್ನು ನೋಡೋಣ. ಲಿಂಬೆ, ಕಿತ್ತಳೆ, ಮೋಸಂಬಿ ಇವೆಲ್ಲ ಒಂದೇ ಕುಲದವು. ಕೊಳ್ಳುವವನು ರಸವನ್ನು ನೋಡಿ ಕೊಳ್ಳುತ್ತಾನೆ. ಮನೆಯವರು ರಸವನ್ನು ಹಿಂಡಿಕೊಂಡು ಸಿಪ್ಪೆಯನ್ನು ತಿಪ್ಪೆಗೆ ಎಸೆಯುತ್ತಾರೆ. ಆದರೆ ಈ ಕುಲದ ಹಣ್ಣುಗಳ ರಸವೆಂಬುದು ಬಹುಮಟ್ಟಿಗೆ ನೀರು, ಹುಳಿ ಮತ್ತು ಸಕ್ಕರೆ. ಪರಿಮಳವು ಇರುವುದು ಹೊರಗಿನ ಬಣ್ಣದ ತೊಗಲಿನಲ್ಲಿ, ಸೂಜಿಯ ಮೊನೆಯಷ್ಟು ಸಣ್ಣ ಎಣ್ಣೆಯ ಚೀಲಗಳಲ್ಲಿ. ಸಿಪ್ಪೆಯನ್ನು ದೀಪದ ಹತ್ತಿರ ಹಿಡಿದು ಮಡಿಚಿದರೆ ತುಂತುರು ಸಿಡಿದು ಜ್ವಾಲೆಯು ಚಟಪಟಿಸುತ್ತದೆ. ಮಕ್ಕಳಿಗೆ ಇದು ಆಟ. ಸಿಡಿಯುವುದು ಆ ಎಣ್ಣೆಯೇ. ಕಿತ್ತಳೆಯ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿದ ಪಾಲು ಲಿಮೊನೀನ್ ಎಂಬ ದ್ರವ್ಯವಿದೆ. ಅದು ನೀರಿನಲ್ಲಿ ಬೆರೆಯದು. ಎಣ್ಣೆ ತುಪ್ಪಗಳಲ್ಲಿ ಬೆರೆಯುತ್ತದೆ. ಬಣ್ಣದ ತೊಗಲಿನ ಕೆಳಗಿರುವ ಬಿಳಿಯ ಮೆತ್ತೆಯಲ್ಲಿ ಪರಿಮಳವೆಂಬುದು ಇಲ್ಲ, ಕಹಿ ಮಾತ್ರ ಉಂಟು.

ಇಷ್ಟನ್ನು ತಿಳಿಯದೆ ಈ ಲೇಖಕನು ಮೊದಲು ಮಾಡಿಸಿದ ಕೇಕಿನ ಕಥೆಯನ್ನು ಹೇಳಿದರೆ ತಪ್ಪಾಗಲಾರದು. ಕಿತ್ತಳೆಯ ವಾಸನೆ ಬರಲೆಂದು ನಾಲ್ಕು ಹಣ್ಣುಗಳ ರಸವನ್ನು ಹಿಂಡಿ, ಕುದಿಸಿ ಇಳಿಸಿ, ಹಿಟ್ಟಿಗೆ ಕೂಡಿಸಿದ್ದಾಯಿತು. ಬೆಂದ ಮೇಲೆ ಅದರಲ್ಲಿ ಸಿಹಿಯಿತ್ತು, ಹುಳಿಯಿತ್ತು, ಕಿತ್ತಳೆ ಮಾತ್ರ ಇರಲಿಲ್ಲ. ಇದ್ದಷ್ಟು ಪರಿಮಳವು ಕುದಿಯುವಾಗಲೇ ಹಬೆಯ ಕೂಡ ಹಾರಿಹೋಗಿತ್ತು. ಎರಡನೆಯ ಸಲ, ಸಿಪ್ಪೆಯಲ್ಲಿ ಗುಣವಿದೆಯೆಂದು ಯಾರೋ ಹೇಳಿದ್ದನ್ನು ಕೇಳಿ, ಇಡೀ ಸಿಪ್ಪೆಯನ್ನು ಬಿಳಿಯ ಮೆತ್ತೆಯ ಸಮೇತ ರುಬ್ಬಿ ಹಾಕಿದೆವು. ಆ ಕೇಕನ್ನು ಎಮ್ಮೆಯ ಮುಂದೆ ಇಟ್ಟರೆ ಅದು ಮೂಸಿ ನೋಡಿ ಮುಖ ತಿರುಗಿಸಿತು.

ಕಿತ್ತಳೆಯು ನಮ್ಮ ಸೀಮೆಯ ಬೆಳೆಯಲ್ಲ. ಪೇಟೆಗಳಲ್ಲಿ ಕಾಣುವ ಹಣ್ಣು ಬಹುಪಾಲು ನಾಗಪುರದ್ದು. ಅದರ ಒಂದು ಸುಗ್ಗಿ ನವಂಬರ, ಡಿಸೆಂಬರಗಳಲ್ಲಿ, ಇನ್ನೊಂದು ಫೆಬ್ರುವರಿ, ಮಾರ್ಚಿಗಳಲ್ಲಿ. ಕಾಫಿಯ ತೋಟಗಳ ನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆಯು ರೋಗಗಳಿಂದ ಬಹಳ ಕ್ಷೀಣಿಸಿದುದರಿಂದ ಇಷ್ಟು ದೂರ ಬರುವುದು ಅಪರೂಪ. ನಮ್ಮ ಬಿಸಿಲಿಗೂ ಒಣ ಹವೆಗೂ ಹೊಂದಿಕೊಳ್ಳುವುದು ಕಿತ್ತಳೆಗಿಂತ ಮೋಸಂಬಿ. ಅದರ ಸಿಪ್ಪೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಹೆರೆಯುವುದಕ್ಕೂ ಅನುಕೂಲ. ಮೋಸಂಬಿಯು ಮರದಲ್ಲಿಯೇ ಹಣ್ಣಾದರೂ ಇಲ್ಲಿ ಹಸುರಾಗಿಯೇ ಉಳಿಯುವುದನ್ನು ಕಂಡು ಕಾಯಿಯೆಂದು ತಳ್ಳಬಾರದು. ಈ ಕುಲದ ಹಣ್ಣಿಗೆ ಕಿತ್ತಳೆಯ ಬಣ್ಣವೇರುವುದಕ್ಕೆ ರಾತ್ರಿಯ ತಂಪು ಬೇಕು, ಬಣ್ಣಕ್ಕೂ ಒಳಗಿನ ಸಿಹಿಗೂ ಸಂಬಂಧ ಕಡಿಮೆ. ಏನೇ ಇರಲಿ, ಕಿತ್ತಳೆಯೊಂದರಿಂದಲೇ ಕೇಕು ಪೂರ್ಣವಾಗದು. ಕಿತ್ತಳೆಯ ಪರಿಮಳವು ಮೃದು, ಸಿಹಿಯ ಜೊತೆಗೆ ಸೇರಿದರೆ ಮಂಕಾಗಿಬಿಡುತ್ತದೆ. ಅದಕ್ಕೆ ಚುರುಕು ಕೊಡುವುದು ಲಿಂಬೆ. ಎರಡು ಕಿತ್ತಳೆಗೆ ಒಂದು ಲಿಂಬೆಯ ಸಿಪ್ಪೆ ಎಂಬುದು ನಾವು ಮಾಡಿ ಕಂಡ ಪ್ರಮಾಣ. ಲಿಂಬೆಯ ತೊಗಲು ತೆಳುವಾದುದರಿಂದ ಕೈ ಭಾರವಾದರೆ ಬಿಳಿಯ ಮೆತ್ತೆಗೆ ತಗಲುವುದು ಬೇಗ. ಇಲ್ಲಿ ಎಚ್ಚರಿಕೆ ಬೇಕು.

ಇನ್ನು ಹಿಟ್ಟಿನ ಮಾತು. ಬೇಕರಿಯ ಕೇಕಿಗೆ ಮೃದುವಾದ ಗೋಧಿಯ ಮೈದಾ ಬೇಕು. ನಮ್ಮ ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಗಟ್ಟಿ ಗೋಧಿಯಿಂದಲೂ ಜವೆ ಗೋಧಿಯಿಂದಲೂ ಆ ಮಾದರಿಯ ಕೇಕನ್ನು ಮಾಡಹೋದರೆ ಕಲ್ಲಾಗುತ್ತದೆ. ಆದರೆ ಇದೇ ಗೋಧಿಗಳು ರವೆಗೆ ಉತ್ತಮ. ಸಜ್ಜಕ ಮಾಡುವ ಮನೆಯಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ. ರವೆಯು ತನ್ನ ಕಾಳಿನೊಳಗೆ ನೀರನ್ನು ಹೀರಿಕೊಂಡು ಉಬ್ಬುತ್ತದೆ, ಮುದ್ದೆಯಾಗುವುದಿಲ್ಲ. ಈಜಿಪ್ಟ್ ದೇಶದಲ್ಲಿ ಇದೇ ಗುಣವನ್ನು ನೆಚ್ಚಿ ರವೆ, ಮೊಸರು, ಸಕ್ಕರೆಗಳಿಂದ ಬಸ್ಬೂಸ ಎಂಬ ಕೇಕನ್ನು ಮಾಡಿ, ಬಿಸಿಯಿರುವಾಗಲೇ ಪಾಕವನ್ನು ಕುಡಿಸುತ್ತಾರೆ. ಒಣ ಹವೆಯ ದೇಶದವರು ಕಂಡುಕೊಂಡ ಉಪಾಯವು ಒಣ ಹವೆಯ ನಮಗೆ ಒಗ್ಗುವುದು ಸಹಜ. ಅದರಲ್ಲಿ ತತ್ತಿಯು ಅವಶ್ಯವಲ್ಲದಿರುವುದು ಇನ್ನೊಂದು ಅನುಕೂಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸುತ್ತಮುತ್ತ, ಹಾಗೂ ಈ ಸೀಮೆಯಲ್ಲೆಲ್ಲ, ತತ್ತಿಯು ಒಲೆಯ ಬಳಿಗೆ ಬಾರದ ಮನೆಗಳು ಅನೇಕ.

ಎಂಟು ಅಂಗುಲ ಅಗಲದ, ಎರಡು ಅಂಗುಲ ಎತ್ತರದ ಅಂಚುಳ್ಳ ಒಂದು ತಟ್ಟೆಗೆ ಸಣ್ಣ ರವೆ 250 ಗ್ರಾಂ, ಮೈದಾ ಅಥವಾ ಸಣ್ಣಗೆ ಜರಡಿ ಹಿಡಿದ ಗೋಧಿಯ ಹಿಟ್ಟು 60 ಗ್ರಾಂ, ಸಕ್ಕರೆ 150 ಗ್ರಾಂ, ಹೆಚ್ಚು ಹುಳಿಯಾಗದ ಗಟ್ಟಿ ಮೊಸರು 200 ಗ್ರಾಂ, ಎಣ್ಣೆ 100 ಮಿಲಿಲೀಟರ್, ಕಿತ್ತಳೆಯ ರಸ 100 ಮಿಲಿಲೀಟರ್, ಎರಡು ಕಿತ್ತಳೆ ಮತ್ತು ಒಂದು ಲಿಂಬೆಯ ಹೆರೆದ ತೊಗಲು, ಅಡಿಗೆಯ ಸೋಡಾ ಚಹದ ಚಮಚದ ಅರ್ಧಕ್ಕೆ ಸ್ವಲ್ಪ ಮಿಕ್ಕಿ, ಒಂದು ಚಿಟಿಕೆ ಉಪ್ಪು ಬೇಕಾಗುವವು. ಎಣ್ಣೆಯ ಬದಲು ತುಪ್ಪ ಹಾಕಿದರೆ ರುಚಿಯು ಹೆಚ್ಚೆಂಬುದು ಹಿರಿಯರ ವಾದ. ಬಿಸಿಯಿರುವಾಗ ಅದು ನಿಜ. ಆದರೆ ತುಪ್ಪವು ಚಳಿಗಾಲದ ಬೆಳಗಿಗೆ ಹೆಪ್ಪುಗಟ್ಟುತ್ತದೆ, ಕೇಕೂ ಅದರ ಕೂಡ ಬಿರುಸಾಗುತ್ತದೆ; ಎಣ್ಣೆಯು ಹೆಪ್ಪುಗಟ್ಟದುದರಿಂದ ಮರುದಿನವೂ ಮೆತ್ತಗಿರುತ್ತದೆ. ನಮ್ಮ ಹೊಲದ ಕುಸುಬಿಯ ಎಣ್ಣೆಯು ಇದಕ್ಕೆ ತಕ್ಕುದು. ಗಾಣದಿಂದ ಆಗಲೇ ಬಂದ ಎಣ್ಣೆಗೆ ವಾಸನೆ ಹೆಚ್ಚಾದುದರಿಂದ ಶುದ್ಧಿ ಮಾಡಿದುದನ್ನು ಉಪಯೋಗಿಸಬೇಕು. ಶೇಂಗಾ ಎಣ್ಣೆಯು ಬೇಡ. ಕೇಕು ಚಟ್ನಿಯನ್ನು ನೆನಪಿಗೆ ತರುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕುವವರು ಹಾಕಬಹುದು. ಬೆಲ್ಲವು ತೇವವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ತನ್ನ ವಾಸನೆಯಿಂದ ಕಿತ್ತಳೆಯನ್ನು ನುಂಗಿಬಿಡುತ್ತದೆ. ಅದು ಬೆಲ್ಲದ ಕೇಕು, ಈ ಲೇಖನದ ಕೇಕಲ್ಲ.

ಮೊದಲು ಹಣ್ಣುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರಟು ಅರಿವೆಯಿಂದ ತಿಕ್ಕಿ ಒರಸಬೇಕು. ದೂರದಿಂದ ಬರುವ ಹಣ್ಣಿಗೆ ಹೊಳಪಿಗಾಗಿ ಮೇಣ ಸವರಿರುವುದುಂಟು. ಹಿಂಡುವುದಕ್ಕೆ ಮುಂಚೆಯೇ ಹೆರೆಯಬೇಕು. ಹಿಂಡಿದ ಮೇಲೆ ಸಿಪ್ಪೆಯು ಕೈಯಲ್ಲಿ ನಿಲ್ಲದು. ಸಣ್ಣ ಕಣ್ಣಿನ ಹೆರೆಮಣೆಯ ಮೇಲೆ ಹಣ್ಣನ್ನು ತಿರುಗಿಸುತ್ತ ಬಣ್ಣವನ್ನಷ್ಟೇ ತೆಗೆದು, ಬಿಳುಪು ಕಂಡ ಕೂಡಲೆ ಮುಂದಿನ ಜಾಗಕ್ಕೆ ಸರಿಯಬೇಕು. ಈ ಹೆರಕಲನ್ನು ಸಕ್ಕರೆಯಲ್ಲಿ ಹಾಕಿ ಬೆರಳುಗಳಿಂದ ಐದು ನಿಮಿಷ ಉಜ್ಜಬೇಕು. ಸಕ್ಕರೆಯ ಹರಳುಗಳು ಉಳಿದ ಎಣ್ಣೆಯ ಚೀಲಗಳನ್ನು ಗೀರಿ ಒಡೆದು ಎಣ್ಣೆಯನ್ನು ತಾವೇ ಹೀರಿಕೊಳ್ಳುವವು. ಸಕ್ಕರೆಯು ಒದ್ದೆಯಾಗಿ ಬಣ್ಣ ತಿರುಗಿ ಮನೆಯ ತುಂಬ ಪರಿಮಳವೇಳುತ್ತದೆ. ಇಡೀ ಕೆಲಸದಲ್ಲಿ ಬಿಡಬಾರದ ಹೆಜ್ಜೆಯೊಂದಿದ್ದರೆ ಇದೇ. ಪೇಟೆಯ ಬಾಟಲಿಯಲ್ಲಿ ಮಾರುವ ವಾಸನೆಯ ದ್ರವವನ್ನು ಹಾಕಿದರೆ ಸಾಲದೇ ಎಂದು ಕೇಳುವವರು ಈ ಸಕ್ಕರೆಯನ್ನು ಒಮ್ಮೆ ಮೂಸಿ ನೋಡಿದ ಮೇಲೆ ಮತ್ತೆ ಕೇಳಲಿಕ್ಕಿಲ್ಲ.

ಬಳಿಕ ಮೊಸರು, ಎಣ್ಣೆ, ಕಿತ್ತಳೆಯ ರಸಗಳನ್ನು ಆ ಸಕ್ಕರೆಗೆ ಕೂಡಿಸಿ ಕಡೆದು, ರವೆಯನ್ನು ಹಾಕಿ ಕಲಸಿ, ಅರ್ಧ ಗಂಟೆ ಮುಚ್ಚಿಡಬೇಕು. ನೆನೆಯದ ರವೆಯು ಬೇಯುವಾಗ ಸುತ್ತಲಿನ ತೇವವನ್ನೆಲ್ಲ ಕಸಿದುಕೊಂಡು ಕೇಕನ್ನು ಒಣಗಿಸುತ್ತದೆ. ಹಲ್ಲಿಗೂ ಮರಳಿನಂತೆ ಸಿಕ್ಕುತ್ತದೆ. ನೆನೆದ ಮೇಲೆ ಹದವು ಇಡ್ಲಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿರಬೇಕು. ತೀರ ಬಿಗಿದಿದ್ದರೆ ಎರಡು ಮೂರು ಚಮಚ ಹಾಲು ಹಾಕತಕ್ಕದ್ದು. ಒಲೆಯು ಕಾಯ್ದು ಸಿದ್ಧವಾದ ಮೇಲೆಯೇ ಹಿಟ್ಟು, ಸೋಡಾ, ಉಪ್ಪುಗಳನ್ನು ಕೂಡಿಸಿ ಜರಡಿ ಹಿಡಿದು ಬೆರೆಸಬೇಕು. ಮೊಸರಿನ ಮತ್ತು ಕಿತ್ತಳೆಯ ಹುಳಿಯು ಸೋಡಾಕ್ಕೆ ತಗಲಿದ ಕ್ಷಣದಲ್ಲಿಯೇ ಗಾಳಿಯ ಗುಳ್ಳೆಗಳು ಹುಟ್ಟಿ ಏಳತೊಡಗುವವು. ಕೇಕನ್ನು ಉಬ್ಬಿಸತಕ್ಕ ಆ ಗಾಳಿಯು ಮಾತಾಡುತ್ತ ನಿಂತವರಿಗಾಗಿ ಕಾಯುವುದಿಲ್ಲ. ಹೆಚ್ಚು ಉಬ್ಬಲೆಂದು ಸೋಡಾವನ್ನು ಹೆಚ್ಚಿಸಿದರೆ, ಹುಳಿಗೆ ಸಿಕ್ಕದೆ ಉಳಿದ ಸೋಡಾವು ಸಾಬೂನಿನ ರುಚಿಯನ್ನು ಕೊಟ್ಟು ಬಣ್ಣವನ್ನೂ ಕಪ್ಪು ಮಾಡುತ್ತದೆ.

ಬೇಯಿಸುವ ಕ್ರಮವು ಎರಡು. ವಿದ್ಯುತ್ತಿನ ಭಟ್ಟಿಯುಳ್ಳವರು 175ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 40 ನಿಮಿಷ ಇಟ್ಟರೆ ಸಾಕು, ಅವರಿಗೆ ಹೆಚ್ಚಿನ ಮಾತು ಬೇಡ. ಭಟ್ಟಿಯಿಲ್ಲದ ಮನೆಯಲ್ಲಿ ದಪ್ಪ ತಳದ ಡಬರಿಯೊಂದನ್ನು ತೆಗೆದುಕೊಂಡು, ತಳದಲ್ಲಿ ಎರಡು ಬೆರಳು ದಪ್ಪವಾಗಿ ಒಣ ಮರಳನ್ನು ಹರಡಿ, ಅದರ ಮೇಲೆ ತಟ್ಟೆಯನ್ನು ಕೂರಿಸಲು ಒಂದು ಬಳೆಯನ್ನಾಗಲಿ ಚಪ್ಪಟೆಯ ಕಲ್ಲುಗಳನ್ನಾಗಲಿ ಇಟ್ಟು, ಮುಚ್ಚಿ 15 ನಿಮಿಷ ಕಾಯಿಸಬೇಕು. ಎಣ್ಣೆ ಸವರಿ ಹಿಟ್ಟು ಉದುರಿಸಿದ ತಟ್ಟೆಗೆ ಕಲಸಿದುದನ್ನು ಸುರಿದು ಒಳಗಿಟ್ಟು, ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಉರಿಯನ್ನು ಸಣ್ಣದು ಮಾಡತಕ್ಕದ್ದು. ಮರಳು ಶಾಖವನ್ನು ಹಿಡಿದು ಸಮನಾಗಿ ಹಂಚುವುದರಿಂದ ತಳ ಸೀಯುವುದಿಲ್ಲ. ಕುಳ್ಳಿನ ಉರಿಯು ಇದಕ್ಕೆ ಬಹಳ ಒಳ್ಳೆಯದು. ಕಟ್ಟಿಗೆಯ ಉರಿಯಂತೆ ಅದು ಏರಿಳಿಯುವುದಿಲ್ಲ. ಮೇಲ್ಮೈಗೆ ಕೆಂಪು ಬಣ್ಣ ಬೇಕಾದರೆ ಕೊನೆಯ ಹತ್ತು ನಿಮಿಷ ಮುಚ್ಚಳದ ಮೇಲೆ ನಾಲ್ಕು ಕೆಂಡಗಳನ್ನು ಹರಡಬಹುದು. ಮೊದಲ ಅರ್ಧ ಗಂಟೆ ಮುಚ್ಚಳವನ್ನು ತೆರೆಯಬಾರದು. ತೆರೆದರೆ ನಡುವು ಕುಸಿಯುತ್ತದೆ. 50 ನಿಮಿಷಗಳ ಮೇಲೆ ಕಡ್ಡಿಯನ್ನು ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ತಿಳಿಯಬೇಕು. ಕುಕ್ಕರಿನಲ್ಲಿ ಮಾಡುವವರು ರಬ್ಬರಿನ ಬಳೆಯನ್ನೂ ಸೀಟಿಯನ್ನೂ ಮರೆಯದೆ ತೆಗೆದಿಡಬೇಕು.

ಕೇಕು ಬೇಯುವಷ್ಟರಲ್ಲಿ ಪಾಕವು ಸಿದ್ಧವಾಗಬೇಕು. 125 ಗ್ರಾಂ ಸಕ್ಕರೆಗೆ 125 ಮಿಲಿಲೀಟರ್ ನೀರು ಹಾಕಿ ಐದು ನಿಮಿಷ ಕುದಿಸಬೇಕು, ಎಳೆಪಾಕ ಬರಬಾರದು. ಒಲೆಯಿಂದ ಇಳಿಸಿ ಬಿಸಿ ತಗ್ಗಿದ ಮೇಲೆ 60 ಮಿಲಿಲೀಟರ್ ಕಿತ್ತಳೆಯ ರಸವನ್ನೂ ಒಂದು ದೊಡ್ಡ ಚಮಚ ಲಿಂಬೆಯ ರಸವನ್ನೂ ಕೂಡಿಸತಕ್ಕದ್ದು. ಒಲೆಯ ಮೇಲಿರುವಾಗಲೇ ಕೂಡಿಸಿದರೆ ನಮ್ಮ ಮೊದಲ ಕೇಕಿಗೆ ಆದ ಗತಿಯೇ ಇದಕ್ಕೂ ಆಗುವುದು. ಕೇಕನ್ನು ಇಳಿಸಿದ ಕೂಡಲೆ ತಟ್ಟೆಯಲ್ಲಿಯೇ ಶಂಕರಪೋಳಿಯ ಆಕಾರಕ್ಕೆ ಕೊಯ್ದು, ಪಾಕವನ್ನು ಚಮಚದಿಂದ ಮೂರು ಸಲಕ್ಕೆ, ನಡುನಡುವೆ ಐದೈದು ನಿಮಿಷ ಬಿಟ್ಟು ಹೊಯ್ಯಬೇಕು. ಒಮ್ಮೆಲೆ ಸುರಿದರೆ ತಳದಲ್ಲಿ ಕೆಸರು, ಮೇಲೆ ಬರಗಾಲ. ಎರಡು ಗಂಟೆಯಾದರೂ ಮುಟ್ಟದೆ ಇಡಬೇಕು. ಸಂಜೆ ಮಾಡಿ ಮರುದಿನ ಬೆಳಿಗ್ಗೆ ತಿನ್ನುವುದು ಎಲ್ಲಕ್ಕೂ ಉತ್ತಮ, ಯಾಕಂದರೆ ಪಾಕವು ರವೆಯ ಕಾಳಿನ ಒಳಗೆ ಸೇರುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ.

ಇಂಥ ರಸಭರಿತ ಕೇಕಿಗೆ ಗುಣವಿದ್ದಂತೆ ದೋಷವೂ ಉಂಟು. ತೇವವಿದ್ದಲ್ಲಿ ಬೂಸಲು ಬರುತ್ತದೆ. ಚಳಿಗಾಲದಲ್ಲಿ ಮುಚ್ಚಳವುಳ್ಳ ಡಬ್ಬಿಯಲ್ಲಿ ಮೂರು ದಿನ, ಬೇಸಿಗೆಯಲ್ಲಿ ಒಂದೂವರೆ ದಿನಕ್ಕಿಂತ ಹೆಚ್ಚು ಹೊರಗಿಡಬಾರದು. ಶೀತಪೆಟ್ಟಿಗೆಯಲ್ಲಿಟ್ಟರೆ ಕೆಡುವುದಿಲ್ಲವಾದರೂ ಗಟ್ಟಿಯಾಗುತ್ತದೆ. ಇದು ಒಣಗಿದ್ದರಿಂದ ಆಗುವುದಲ್ಲ, ಗೋಧಿಯ ಪಿಷ್ಟವು ತಂಪಿನಲ್ಲಿ ಬಿಗಿದುಕೊಳ್ಳುವ ಗುಣ. ತುಸು ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಇಷ್ಟು ಓದಿದ ಜಮೀನುದಾರರು ಒಂದು ಲೆಕ್ಕವನ್ನು ಆಗಲೇ ಹಾಕಿರಬಹುದು: ಒಂದು ಕೇಕಿಗೆ ಹಿಡಿಯುವುದು ಒಂದೆರಡು ಲಿಂಬೆ, ಮಳೆಗಾಲದಲ್ಲಿ ಕೊಳೆಯುವುದು ಮೂಟೆಗಟ್ಟಲೆ. ಲೆಕ್ಕವು ಸರಿಯಾಗಿದೆ. ಕೇಕಿನಿಂದ ಲಿಂಬೆಯ ಧಾರಣೆಯು ಏರುವುದೆಂದು ನಾವು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬಲೂ ಬಾರದು. ಆದರೆ ಪರಿಮಳವು ಸಿಪ್ಪೆಯಲ್ಲಿದೆಯೆಂಬುದನ್ನು ನಾಲಿಗೆಯಿಂದ ತಿಳಿದ ಮನೆಯು ಆಷಾಢ ಶ್ರಾವಣಗಳ ಅಗ್ಗದ ಹಣ್ಣನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಐದಾರು ಲಿಂಬೆಯ ತೊಗಲಿನ ಹೆರಕಲನ್ನು 100 ಗ್ರಾಂ ಸಕ್ಕರೆಯಲ್ಲಿ ಉಜ್ಜಿ, ನೆರಳಲ್ಲಿ ಒಣಗಿಸಿ, ಗಾಜಿನ ಬಾಟಲಿಯಲ್ಲಿ ಬಿಗಿದಿಟ್ಟರೆ ದೀಪಾವಳಿಯವರೆಗೆ ಪಾನಕಕ್ಕೂ ಕೇಕಿಗೂ ಆಗುತ್ತದೆ. ಹೆಚ್ಚು ಕಾಲ ಇಡಬೇಕಾದರೆ, ಇಡೀ ಸಿಪ್ಪೆಯನ್ನು ಎಳೆಯೆಳೆಯಾಗಿ ಕೊಯ್ದು, ಮೂರು ಸಲ ನೀರು ಬದಲಿಸಿ ಕುದಿಸಿ ಕಹಿಯನ್ನು ತೆಗೆದು, ಸಮತೂಕದ ಸಕ್ಕರೆಯ ಪಾಕದಲ್ಲಿ ಪಾರದರ್ಶಕವಾಗುವವರೆಗೆ ಬೇಯಿಸಿ, ಆರಿಸಿ, ಸಕ್ಕರೆಯಲ್ಲಿ ಹೊರಳಿಸಿ ಇಡಬಹುದು. ಬೇಕರಿಗಳಲ್ಲಿ ಕೇಕಿಗೆ ಹಾಕುವ ಬಣ್ಣದ ತುಣುಕುಗಳು ಬಹುಮಟ್ಟಿಗೆ ಪರಂಗಿಕಾಯಿಯವು, ಅವುಗಳಲ್ಲಿ ಸ್ವಂತದ ಪರಿಮಳವೇ ಇಲ್ಲ. ನಿಜವಾದ ಲಿಂಬೆಯ ಸಿಪ್ಪೆಯ ಮುರಬ್ಬವನ್ನು ಹೆಣ್ಣುಮಕ್ಕಳ ಸ್ವಸಹಾಯ ಸಂಘವೊಂದು ಒಪ್ಪವಾಗಿ ಮಾಡಿ ಡಿಸೆಂಬರಕ್ಕೆ ಮುಂಚೆ ಅಂಥವರಿಗೆ ತೋರಿಸಿದರೆ ಕೊಳ್ಳುವವರು ಸಿಕ್ಕಬಹುದು. ಮಾರುವವರು ಆಹಾರ ಸುರಕ್ಷತೆಯ 2006ರ ಕಾಯ್ದೆಯಂತೆ ಮೊದಲು ಹೆಸರು ನೋಂದಿಸಿಕೊಳ್ಳಬೇಕು.

ಇಲ್ಲಿಗೆ ಅಡಿಗೆಮನೆಯ ಮಾತು ಮುಗಿದು ತೋಟದ ಮಾತು ಬರುತ್ತದೆ, ಹಾಗೂ ಇದನ್ನು ಗಂಡಸರೇ ಓದಬೇಕು. ರಸವನ್ನು ಹಿಂಡಿ ಸಿಪ್ಪೆಯನ್ನು ಎಸೆಯುವಷ್ಟು ದಿನ, ಗಿಡಕ್ಕೆ ಏನನ್ನು ಎಂದು ಸಿಂಪಡಿಸಿದೆವೆಂಬುದನ್ನು ನಾವು ಅಷ್ಟಾಗಿ ಎಣಿಸುತ್ತಿರಲಿಲ್ಲ. ಸಿಪ್ಪೆಯನ್ನೇ ತಿನ್ನುವುದಾದರೆ ಎಣಿಸಲೇಬೇಕು, ಯಾಕಂದರೆ ಔಷಧವು ಮೊದಲು ಕೂರುವುದು ಸಿಪ್ಪೆಯ ಮೇಲೆ. ಕೆಲವು ಔಷಧಗಳು ಒಳಗೂ ಇಳಿಯುವುದರಿಂದ ತೊಳೆದರೂ ಹೋಗುವುದಿಲ್ಲ. ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕೆಂಬುದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಓದು ಬಲ್ಲವರು ಓದಿ ಆಳುಗಳಿಗೆ ಹೇಳಬೇಕು. ಕಜ್ಜಿ ರೋಗದಿಂದ ಕಂದು ಹುರುಪೆಗಳೆದ್ದ ಹಣ್ಣಿನ ರಸಕ್ಕೆ ಕುಂದಿಲ್ಲ, ಪಾಕಕ್ಕೆ ಧಾರಾಳವಾಗಿ ಹಿಂಡಬಹುದು. ಆದರೆ ಹೆರೆಯುವುದಕ್ಕೆ ಅದು ಬೇಡ. ಎಲ್ಲಕ್ಕೂ ನಿಶ್ಚಿಂತೆಯಾದ ಉಪಾಯವೆಂದರೆ, ತೋಟದ ಗಾಳಿಯ ಮಗ್ಗುಲಿನ ಮೂಲೆಯಲ್ಲಿ, ಉಳಿದ ಗಿಡಗಳ ತುಂತುರು ಹಾರಿ ಬಾರದ ಕಡೆ, ಎರಡು ಲಿಂಬೆಯ ಗಿಡಗಳನ್ನು ಮನೆಯ ಬಳಕೆಗೆಂದು ಬಿಟ್ಟು ಔಷಧ ಹೊಡೆಯದೆ ಇರುವುದು. ನೀರಿನ ಅನುಕೂಲವಿದ್ದರೆ ಅವುಗಳ ಪಕ್ಕದಲ್ಲಿ ಮುಂಗಾರಿನ ಮೊದಲಿಗೆ ಕಣ್ಣು ಕಟ್ಟಿದ ಒಂದು ಮೋಸಂಬಿಯ ಸಸಿಯನ್ನೂ ನೆಡಬಹುದು. ಬಿಟ್ಟ ಗಿಡಗಳ ಬುಡಕ್ಕೆ ಸುಣ್ಣದ ಪಟ್ಟಿಯನ್ನು ಬಳಿದು ಗುರುತು ಮಾಡಿ, ಸಿಂಪಡಿಸಲು ಬರುವವರಿಗೆ ಆ ದಿನ ಬೆಳಿಗ್ಗೆಯೇ ತೋರಿಸತಕ್ಕದ್ದು.